ಯಾರ ಪೈಕಿ?

ಲಾಲ್‌ಬಾಗಿನ ಗಾಜಿನ ಮನೆಯೊಳಗೆ ಹೋಗುವ ಮೊದಲು ಗಿಡಗಳನ್ನು ಗುರುತಿಸುವ ಬಗ್ಗೆ ಇಪ್ಪತ್ತು ನಿಮಿಷ ಮಾತನಾಡಿ ಎಂದು ಸಂಘಟಕರು ಹೇಳಿದ್ದಾರೆ. ಮೊಬೈಲಿನಲ್ಲಿ ಚಿತ್ರ ತೆಗೆದರೆ ಹೂವಿನ ಹೆಸರು ತಾನೇ ಬರುತ್ತದೆ, ಇವರೇಕೆ ಬೇಕು ಎಂಬ ಪ್ರಶ್ನೆ ನಿಮ್ಮ ಮುಖದಲ್ಲೇ ಇದೆ. ನನ್ನ ತಕರಾರಿರುವುದೇ ಆ ಹೆಸರಿನ ಮೇಲೆ. ಮದುವೆಮನೆಯಲ್ಲಿ ಗುರುತಿಲ್ಲದವರು ಎದುರಾದರೆ ನಮ್ಮ ಹಿರಿಯರು ಹೆಸರು ಕೇಳುತ್ತಿರಲಿಲ್ಲ. ‘ನೀವು ಯಾರ ಪೈಕಿ?’ ಎನ್ನುತ್ತಿದ್ದರು. ಗಿಡವನ್ನೂ ಹಾಗೆಯೇ ಕೇಳಬೇಕು.

ಹಿಂದೆ ಕೇಳಿದವರು ಕ್ಷಮಿಸಿ, ಅಮ್ಮನ ಕಥೆ ಹೇಳದೆ ನನಗೆ ಮುಂದೆ ಹೋಗಲಾಗದು. ಒಂದು ಊರಿನ ಗಾಜಿನ ಮನೆ. ಯಾವ ಊರೆಂಬುದು ಬೇಡ. ಕುಂಡದಲ್ಲಿ ಹಳದಿ ಗೋಪುರದಂಥ ಹೂವು. ಚೀಟಿಯಲ್ಲಿ ‘ಆಂಥೂರಿಯಂ’ ಎಂದಿತ್ತು. ಪಕ್ಕದ ಕುಂಡದ ಚೀಟಿ ಇಲ್ಲಿಗೆ ವಲಸೆ ಬಂದಿತ್ತು. ಸಸ್ಯಶಾಸ್ತ್ರ ಓದಿದ ನಾನು ತಲೆ ಕೆರೆದುಕೊಳ್ಳುತ್ತಿದ್ದೆ. ಅಮ್ಮ ಬಗ್ಗಿ ನೋಡಿ, ‘ಇದು ಕನಕಾಂಬರದ ಕಡೆಯದು’ ಎಂದಳು. ನಾನು ನಕ್ಕೆ. ಅವಳು ತೆನೆಯಲ್ಲಿ ಹೆಣೆದಂತೆ ಜೋಡಿಸಿದ ಹಳದಿ ಪದರಗಳನ್ನು ತೋರಿಸಿದಳು, ಒಂದೊಂದರ ಸಂದಿನಿಂದ ನಾಲಿಗೆ ಚಾಚಿದ ಬಿಳಿ ಹೂವನ್ನು ತೋರಿಸಿದಳು, ಎದುರುಬದುರಾದ ಎಲೆಗಳನ್ನೂ ತೋರಿಸಿದಳು. ಮನೆಗೆ ಬಂದು ಪುಸ್ತಕ ತೆರೆದರೆ ಪೆರು ದೇಶದ ಪ್ಯಾಕಿಸ್ಟಾಕಿಸ್ ಲೂಟಿಯಾ! ಕನಕಾಂಬರ, ಆಡುಸೋಗೆಗಳ ಅಕಾಂತೇಸಿ ಕುಟುಂಬವೇ. ಆ ಹಳದಿ ಹೂವಲ್ಲ, ಹೂವನ್ನು ಕಾಯುವ ಎಲೆ, ಪುಷ್ಪಪತ್ರ. ದಿನವೂ ದಂಡೆ ಕಟ್ಟಿದ ಬೆರಳಿಗೆ ಅದು ಗೊತ್ತಿತ್ತು, ನನ್ನ ಪದವಿಗೆ ಗೊತ್ತಿರಲಿಲ್ಲ.

ಹೆಸರು ಎಷ್ಟು ಮೋಸ ಮಾಡುತ್ತದೆ ನೋಡಿ. ನಾವು ಹೋಗಲಿರುವ ಈ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ, ಜಾನ್ ಕ್ಯಾಮರಾನ್ ಇಲ್ಲಿನ ಮೇಲ್ವಿಚಾರಕರಾಗಿದ್ದಾಗ. ಸೀಮೆಬದನೆಯನ್ನು ನಮಗೆ ಪರಿಚಯಿಸಿದವರೂ ಅವರೇ ಎನ್ನುತ್ತಾರೆ. ಅದರಲ್ಲಿ ಬದನೆಯದೇನಿದೆ? ಬಳ್ಳಿಯ ಕುಡಿ ನೋಡಿದರೆ ಮಗುವೂ ಹೇಳೀತು, ಕುಂಬಳದ ಪೈಕಿ ಎಂದು. ಹುಳಿಗೆ ಹಾಕುವಾಗ ಯಾರೂ ತಕರಾರು ಮಾಡುವುದಿಲ್ಲ, ಅದು ಬೇರೆ.

ನಿಜವಾದ ಆಂಥೂರಿಯಂನಲ್ಲಿಯೂ ಕೆಂಪು ಹಾಳೆಯನ್ನು ಮರೆತು ನಡುವಿನ ಕಡ್ಡಿಯನ್ನು ನೋಡಿ. ಹೂವುಗಳು ಅದರ ಮೈತುಂಬ, ಸಾಸಿವೆಯಂತೆ ಚಿಕ್ಕವು. ಪತ್ರೊಡೆಯ ಕೆಸುವಿನ ನೆಂಟ. ಫಿಲಿಪ್ಪೀನ್ಸಿನ ಮೆಡಿನಿಲ್ಲಾ ಗಿಡ ಗುಲಾಬಿ ಬಣ್ಣದ ಗೊಂಚಲು ಇಳಿಬಿಟ್ಟುಕೊಂಡು ಬೀಗುತ್ತದೆ. ಎಲೆ ನೋಡಿದರೆ ನರಗಳು ಬುಡದಿಂದ ತುದಿಗೆ ಬಾಗಿ ಓಡಿವೆ. ಮಲೆನಾಡಿನವರು ಕೈ ಎತ್ತಿ. ಹೌದು, ನಿಮ್ಮ ಕಾಡಿನ ನೆಕ್ಕರಿಕ ಗಿಡದ ಪೈಕಿ! ಕೆಂಪೆಲೆಯ ಪಾಯಿನ್ಸೆಟಿಯಾ ಕಳ್ಳಿಯ ಕಡೆಯದು, ಚಿವುಟಿದರೆ ಹಾಲು. ಚಿವುಟಬೇಡಿ, ಮಾಲಿ ನೋಡುತ್ತಿರುತ್ತಾರೆ.

ಚೀಟಿ ಬಂತು. ಇದು ಗಿಡದ್ದಲ್ಲ, ಸಂಘಟಕರದ್ದು. ಯಾರ ಪೈಕಿ ಎಂದು ಗುರುತಿಸಲು ಎಲೆ, ಕೇಸರ, ಅಂಡಾಶಯ, ಕಾಯಿ ಎಂದು ನಾಲ್ಕು ಅಂಶ ಬರೆದು ತಂದಿದ್ದೆ. ಎಲೆಯಲ್ಲೇ ಹೊತ್ತು ಹೋಯಿತು. ಕೇಸರಗಳನ್ನು ಎಣಿಸಿ, ಕಾಯಿ ಇದ್ದರೆ ಬಿಡಬೇಡಿ, ಅಷ್ಟೇ. ಅಂಡಾಶಯದ ಮಾತು ನಾವು ಒಳಗೆ ಹೋದ ಮೇಲೆ.

ದಾರಿಯಲ್ಲಿ ಬೋಗನ್‌ವಿಲ್ಲಾ ಸಿಕ್ಕರೆ ಬಣ್ಣದ ಕಾಗದಗಳ ನಡುವಿನ ಪುಟ್ಟ ಬಿಳಿ ಕೊಳವೆಯನ್ನು ನೋಡಿ. ಯಾರ ಪೈಕಿ ಎಂದು ನಾನು ಹೇಳುವುದಿಲ್ಲ. ಇಳಿಹೊತ್ತಿನಲ್ಲಿ ನಿಮ್ಮ ಹಿತ್ತಿಲಲ್ಲಿ ಏನು ಅರಳುತ್ತದೆ, ನೆನಪಿಸಿಕೊಳ್ಳಿ. ಬನ್ನಿ, ಹೋಗೋಣ.