ಮರದಿಂದ ಬಿದ್ದವರಿಗೆ ಮದ್ದು ಉಂಟಾ?

ಬದಿಯಡ್ಕದ ಎಲ್ಲರಿಗೂ ನಮಸ್ಕಾರ. ಮಳೆ ಹಿಡಿಯುವ ಮೊದಲೇ ಈ ವಿಷಯ ಮಾತಾಡಬೇಕು ಅಂತ ನಾನೇ ಕೇಳಿಕೊಂಡು ಬಂದೆ. ಇನ್ನು ಸ್ವಲ್ಪ ದಿನದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸ ಶುರುವಾಗುತ್ತದೆ. ಒದ್ದೆ ಅಡಕೆ ಮರ, ಮೇಲೆ ಪಾಚಿ, ಕಾಲಿಗೊಂದು ತಳೆ. ನಿಮಗೆ ನಾನು ಹೇಳಬೇಕಾಗಿಲ್ಲ.

ಕೆಲವು ವರ್ಷಗಳ ಹಿಂದೆ ಹಾಗೆ ಬಿದ್ದ ಒಬ್ಬರನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಡಚಿ ಮಲಗಿಸಿ ತಂದಿದ್ದರು. "ಮರದ ಬುಡದಲ್ಲಿ ಕಾಲಿನ ಬೆರಳು ಆಡಿಸಿದ್ದರು ಡಾಕ್ಟ್ರೇ" ಅಂದರು ಹೆಂಡತಿ. ನಾನು ಪೆನ್ನಿನ ತುದಿಯಿಂದ ಪಾದ ಗೀರಿದೆ. ಅವರು ಮೇಲೆ ಮಾಡನ್ನು ನೋಡುತ್ತಲೇ ಇದ್ದರು, ಗೀರಿದ್ದು ಗೊತ್ತೇ ಆಗಲಿಲ್ಲ. ಬಿದ್ದವರ ತಮ್ಮ ಕೈಮುಗಿದು ಹೇಳಿದ: "ಒಂದು ಇಂಜೆಕ್ಷನ್ ಉಂಟಂತಲ್ಲ, ಎಷ್ಟಾದರೂ ಆಗಲಿ, ಕೊಡಿ."

ಆ ಇಂಜೆಕ್ಷನ್ ಏನು ಅಂತ ನೋಡೋಣ.

ಅವರಿಗೆ ಏಟು ಬಿದ್ದದ್ದು ಬೆನ್ನುಹುರಿಗೆ, ಅಂದರೆ ಬೆನ್ನುಮೂಳೆಯೊಳಗಿನ ನರದ ಹುರಿಗೆ. ಅದು ನಮ್ಮ ಕಿರುಬೆರಳಿನಷ್ಟು ದಪ್ಪ, ಬಹಳ ಮೆತ್ತಗೆ. ಮರದಿಂದ ಬಿದ್ದ ಪೇರಳೆ ಹಣ್ಣನ್ನು ನೆನಪು ಮಾಡಿಕೊಳ್ಳಿ. ಬಿದ್ದಾಗ ಒಂದೇ ಕಡೆ ಜಜ್ಜಿರುತ್ತದೆ. ಮರುದಿನ ನೋಡಿದರೆ ಸುತ್ತಲೂ ಕಪ್ಪಾಗಿರುತ್ತದೆ, ಅಲ್ವಾ? ಹುರಿಯಲ್ಲೂ ಏಟು ಬಿದ್ದ ಮೇಲೆ ಹಾನಿ ಹೀಗೆಯೇ ಹಬ್ಬುತ್ತದೆ. ಬಾವು ಬರುತ್ತದೆ, ರಕ್ತ ಓಡುವುದು ಕಮ್ಮಿಯಾಗುತ್ತದೆ. ಸತ್ತ ಜೀವಕೋಶಗಳಿಂದ ಗ್ಲುಟಮೇಟ್ ಅನ್ನುವ ರಾಸಾಯನಿಕ ಸುರಿದು, ಪಕ್ಕದ ಒಳ್ಳೆಯ ಕೋಶಗಳೊಳಗೆ ಕ್ಯಾಲ್ಸಿಯಂ ನುಗ್ಗಿ ಅವೂ ಸಾಯುತ್ತವೆ. ಇದು ಗಂಟೆಗಟ್ಟಲೆ, ದಿನಗಟ್ಟಲೆ ನಡೆಯುತ್ತದೆ. ಮೊದಲ ಏಟನ್ನು ಯಾವ ಮದ್ದೂ ಹಿಂದಕ್ಕೆ ತರುವುದಿಲ್ಲ. ಈ ಎರಡನೆಯ ಹಾನಿಯನ್ನಾದರೂ ತಡೆಯಬಹುದೇ ಅನ್ನುವುದೇ ಪ್ರಶ್ನೆ.

ಆ ತಮ್ಮ ಕೇಳಿದ್ದು ಮಿಥೈಲ್‌ಪ್ರೆಡ್ನಿಸೊಲೋನ್, ಬಾವು ಇಳಿಸುವ ಒಂದು ಸ್ಟಿರಾಯ್ಡ್. 1990ರಲ್ಲಿ ಅಮೆರಿಕದ ಒಂದು ದೊಡ್ಡ ಪರೀಕ್ಷೆಯ ಫಲ ಬಂತು. 487 ರೋಗಿಗಳು. ಏಟು ಬಿದ್ದು 8 ಗಂಟೆಯೊಳಗೆ ಈ ಮದ್ದು ಪಡೆದವರಲ್ಲಿ ಕೈಕಾಲಿನ ಬಲ ಸ್ವಲ್ಪ ಜಾಸ್ತಿ ಮರಳಿತು ಅಂದರು. ಲೋಕವೆಲ್ಲ ಕೊಡಲು ಶುರುಮಾಡಿತು. ಪ್ರಮಾಣ ಎಷ್ಟು ಗೊತ್ತೇ? 60 ಕಿಲೋ ತೂಕದವರಿಗೆ ಮೊದಲ 15 ನಿಮಿಷದಲ್ಲೇ 1,800 ಮಿಲಿಗ್ರಾಂ. ಆಮೇಲೆ ಗಂಟೆಗೆ 324ರಂತೆ 23 ಗಂಟೆ. ಒಟ್ಟು ಒಂಬತ್ತು ಗ್ರಾಂ ದಾಟುತ್ತದೆ.

ಆದರೆ ಎಲ್ಲ ರೋಗಿಗಳನ್ನೂ ಒಟ್ಟಿಗೆ ಲೆಕ್ಕ ಹಾಕಿದರೆ ಲಾಭ ಕಾಣುತ್ತಿರಲಿಲ್ಲ, 8 ಗಂಟೆಯ ಗುಂಪನ್ನು ಬೇರೆ ಮಾಡಿದಾಗ ಮಾತ್ರ ಕಂಡದ್ದು. ಇಷ್ಟು ಸ್ಟಿರಾಯ್ಡ್ ಹೋದರೆ ಸೋಂಕು, ನ್ಯುಮೋನಿಯಾ, ಹೊಟ್ಟೆಯೊಳಗೆ ರಕ್ತಸ್ರಾವದ ಭಯವೂ ಉಂಟು. 2013ರಲ್ಲಿ ಅಮೆರಿಕದ ನರಶಸ್ತ್ರಚಿಕಿತ್ಸಕರ ಸಂಘಗಳು ಇದನ್ನು ಕೊಡಬೇಡಿ ಅಂದವು. 2017ರಲ್ಲಿ ಇನ್ನೊಂದು ತಜ್ಞರ ಗುಂಪು, 8 ಗಂಟೆಯೊಳಗಾದರೆ ಯೋಚಿಸಬಹುದು ಅಂದಿತು. ಹಾಗಾಗಿ ಡಾಕ್ಟರು ಕೊಡದಿದ್ದರೆ ನಿಮ್ಮವರನ್ನು ಕೈಬಿಟ್ಟರು ಅಂತ ದಯವಿಟ್ಟು ತಿಳಿಯಬೇಡಿ. ನಾನಾದರೆ ಕೊಡಲು ಹಿಂಜರಿಯುತ್ತೇನೆ.

ಬೇರೆ ಮದ್ದುಗಳನ್ನೂ ನೋಡಿದ್ದಾರೆ. ಗ್ಲುಟಮೇಟ್ ಹಾವಳಿ ತಡೆಯುವ ರಿಲುಜೋಲ್ ಮೇಲೆ ಬಹಳ ಆಸೆ ಇತ್ತು. ಅದರ ಪರೀಕ್ಷೆ ಕೋವಿಡ್ ಕಾಲದಲ್ಲಿ ಅರ್ಧಕ್ಕೇ ನಿಂತಿತು. 2023ರಲ್ಲಿ ಫಲ ಹೊರಬಂದಾಗ ಮುಖ್ಯ ಗುರಿ ಮುಟ್ಟಿರಲಿಲ್ಲ.

ಹಾಗಾದರೆ ಹುರಿಯನ್ನು ಕಾಯುವುದು ಏನು? ರಕ್ತದೊತ್ತಡ ಬೀಳದಂತೆ, ಆಮ್ಲಜನಕ ಕಮ್ಮಿಯಾಗದಂತೆ ನೋಡುವುದು. ಹುರಿಯ ಮೇಲೆ ಮೂಳೆ ಒತ್ತಿದ್ದರೆ, ಆದಷ್ಟು 24 ಗಂಟೆಯೊಳಗೆ ಆಪರೇಷನ್ ಮಾಡಿ ಒತ್ತಡ ತೆಗೆಯುವುದು. ಇದೆಲ್ಲ ಆಸ್ಪತ್ರೆಯ ಕೆಲಸ. ಅದಕ್ಕೂ ಮುಂಚಿನದು ತೋಟದಲ್ಲಿ ನಿಮ್ಮ ಕೈಯಲ್ಲಿ ಉಂಟು. ಬಿದ್ದವರನ್ನು ಎಬ್ಬಿಸಿ ಕೂರಿಸಬೇಡಿ. ನೀರು ಕುಡಿಸಬೇಡಿ. ಕಂಕುಳಿಗೆ ಕೈಹಾಕಿ ಎತ್ತಬೇಡಿ. ಮಳೆ ಬರುತ್ತಿದ್ದರೆ ಮೇಲೆ ಟರ್ಪಾಲು ಹಿಡಿಯಿರಿ, ಅವರನ್ನು ಕದಲಿಸಬೇಡಿ. 108ಕ್ಕೆ ಫೋನ್ ಮಾಡಿ.

ಆಂಬುಲೆನ್ಸ್ ಬರುವುದಿಲ್ಲ, ಜೀಪಿನಲ್ಲೇ ಸಾಗಿಸಬೇಕು ಅನ್ನುವ ಜಾಗಗಳೂ ನಮ್ಮಲ್ಲಿ ಇವೆ. ಅದಕ್ಕೇ ಇಲ್ಲಿ ಒಂದು ಹಲಗೆ, ನಾಲ್ಕು ಬೈರಾಸು ತಂದಿದ್ದೇನೆ. ಐದು ಜನ ಎದ್ದು ಬನ್ನಿ. ಒಬ್ಬರು ಮಲಗಿ. ಒಬ್ಬರು ತಲೆಯ ಹತ್ತಿರ ಕೂತು ಎರಡೂ ಕೈಯಿಂದ ತಲೆ, ಕುತ್ತಿಗೆ ಹಿಡಿಯಿರಿ. ಲೆಕ್ಕ ಹೇಳುವುದು ಅವರೇ. ಉಳಿದ ಮೂವರು ಹೆಗಲು, ಸೊಂಟ, ಮೊಣಕಾಲಿಗೆ ಕೈ ಇಡಿ. ಮೂರು ಅಂದಾಗ ಎಲ್ಲರೂ ಒಟ್ಟಿಗೆ ಹೊರಳಿಸಿ, ಮರದ ದಿಮ್ಮಿ ಹೊರಳಿಸುವ ಹಾಗೆ.