ಕರೆಂಟು ಬಂದಾಗ ಸುಮ್ಮನಿರಬೇಕಾದ ಮೋಟರು

ಕೇಳುಗರಿಗೆ ನಮಸ್ಕಾರ.

ಮನೆಯ ಹಿತ್ತಲಲ್ಲಿ ತಗಡಿನ ಶೆಡ್ಡು ಹಾಕಿಕೊಂಡು, ರಜೆಯ ದಿನಗಳಲ್ಲಿ ಸ್ಟೂಲು, ಕಪಾಟು, ಮಕ್ಕಳ ಆಟಿಕೆ ಎಂದು ಮರಗೆಲಸ ಮಾಡುವ ಹವ್ಯಾಸಿಗಳಲ್ಲಿ ನಾನೂ ಒಬ್ಬ. ಗರಗಸದಿಂದ ಉದುರುವ ದಪ್ಪ ಹೊಟ್ಟನ್ನು ಸಂಜೆ ಪೊರಕೆಯಿಂದ ಗುಡಿಸಿದರಾಯಿತು. ತೊಂದರೆ ಕೊಡುವುದು ಕಣ್ಣಿಗೆ ಕಾಣದ, ಗೋಧಿ ಹಿಟ್ಟಿಗಿಂತ ನುಣ್ಣನೆಯ ಧೂಳು. ಯಂತ್ರ ನಿಂತು ಎಷ್ಟೋ ಹೊತ್ತಾದರೂ ಅದು ಗಾಳಿಯಲ್ಲಿ ತೇಲುತ್ತಲೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1995ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೇ ಸೇರಿಸಿತು. ಹೀಗಾಗಿ ಧೂಳು ಹೀರುವ ಬ್ಲೋವರ್ ಬೇಕು. ಆದರೆ ಪ್ರತಿ ಸಲ ಹಲಗೆ ಕೊಯ್ಯುವಾಗಲೂ ಮೂಲೆಗೆ ನಡೆದು ಬ್ಲೋವರ್ ಹಾಕಿ ಬರುವ ತಾಳ್ಮೆ ಯಾರಿಗೂ ನಾಲ್ಕು ದಿನಕ್ಕಿಂತ ಹೆಚ್ಚು ಇರುವುದಿಲ್ಲ. ಗರಗಸ ಶುರುವಾದರೆ ಬ್ಲೋವರ್ ತಾನಾಗಿ ಶುರುವಾಗಬೇಕು, ಗರಗಸ ನಿಂತ ಸ್ವಲ್ಪ ಹೊತ್ತಿಗೆ ತಾನಾಗಿ ನಿಲ್ಲಬೇಕು. ಅದಕ್ಕೆ ಬೇಕಾದ ವೈರಿಂಗ್ ಬಗ್ಗೆ ಇವತ್ತು ಮಾತನಾಡುತ್ತೇನೆ.

ಮೊದಲು ಬ್ಲೋವರ್ ಮೋಟರಿನ ಮೈಮೇಲಿನ ತಗಡಿನ ಪಟ್ಟಿಯನ್ನು ಓದಬೇಕು. 2 ಎಚ್‌ಪಿ, ಸಿಂಗಲ್ ಫೇಸ್, 230 ವೋಲ್ಟ್, 50 ಹರ್ಟ್ಸ್ ಎಂದಿದ್ದರೆ ಅದು ದಂಡದಲ್ಲಿ ಕೊಡುವ ಶಕ್ತಿ ಸುಮಾರು 1,500 ವ್ಯಾಟ್. ನಮ್ಮಿಂದ ತೆಗೆದುಕೊಳ್ಳುವುದು ಹತ್ತಿರ ಹತ್ತಿರ 2,000 ವ್ಯಾಟ್, ಅಂದರೆ ಓಡುವಾಗ ಸುಮಾರು 10 ಆಂಪಿಯರ್. ಶುರುವಾಗುವ ಆ ಒಂದೆರಡು ಸೆಕೆಂಡಿನಲ್ಲಿ ಮಾತ್ರ ಅದೇ ಮೋಟರು ಐದಾರು ಪಟ್ಟು ಎಳೆಯುತ್ತದೆ. ಮೀಟರ್ ಬೋರ್ಡಿನಿಂದ ಶೆಡ್ಡಿಗೆ 20 ಮೀಟರ್ ದೂರವಿದೆ ಎಂದುಕೊಳ್ಳಿ. ಹೋಗಿ ಬರುವ ದಾರಿ 40 ಮೀಟರ್. 2.5 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ ಇದರ ರೋಧ 0.3 ಓಮ್, 60 ಆಂಪಿಯರ್ ಹರಿದಾಗ 18 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ನಾಲ್ಕು ಕಾಸು ಉಳಿಸಲು 1.5ರ ವೈರ್ ಎಳೆದರೆ ಕಳೆಯುವುದು 29 ವೋಲ್ಟ್. ಸಂಜೆ ಹೊತ್ತು ಮೊದಲೇ ವೋಲ್ಟೇಜ್ ಇಳಿದಿರುವ ಊರುಗಳಲ್ಲಿ ಇದರ ಫಲ ಕಿವಿಗೇ ಗೊತ್ತಾಗುತ್ತದೆ: ಮೋಟರು ‘ಗೂಂ’ ಎಂದು ನರಳುತ್ತದೆ, ವೇಗಕ್ಕೆ ಬರುವುದಿಲ್ಲ. ವೇಗ ಬರದಿದ್ದರೆ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ ಬಿಟ್ಟುಕೊಳ್ಳುವುದಿಲ್ಲ, ಕ್ಷಣಮಾತ್ರದ ಕೆಲಸಕ್ಕೆಂದು ಇಟ್ಟ ಸ್ಟಾರ್ಟಿಂಗ್ ಕೆಪಾಸಿಟರ್ ಸರ್ಕಿಟ್ಟಿನಲ್ಲೇ ಉಳಿದು ಉಬ್ಬಿ ಒಡೆಯುತ್ತದೆ. ಕರೆಂಟು ಮಿತಿ ಮೀರಿದರೆ ತಾನಾಗಿ ಕಡಿದು ಬೀಳುವ ಸ್ವಿಚ್ಚಾದ ಎಂಸಿಬಿಯನ್ನೂ ‘ಸಿ’ ವರ್ಗದ್ದೇ ಕೇಳಿ ತನ್ನಿ. 16 ಆಂಪಿಯರಿನ ‘ಬಿ’ ವರ್ಗದ್ದು 48 ಆಂಪಿಯರ್ ದಾಟಿದರೆ ತಕ್ಷಣ ಬೀಳಬಹುದು. ‘ಸಿ’ ವರ್ಗದ್ದು 80ರವರೆಗೆ ತಡೆದುಕೊಳ್ಳುತ್ತದೆ.

ಇನ್ನು ಗರಗಸ ಓಡುತ್ತಿದೆಯೆಂದು ಬ್ಲೋವರಿಗೆ ತಿಳಿಯುವುದು ಹೇಗೆ? ಗರಗಸಕ್ಕೆ ಹೋಗುವ ವೈರನ್ನು ಬಳೆಯಂಥ ಒಂದು ಸಣ್ಣ ಕರೆಂಟ್ ಟ್ರಾನ್ಸ್‌ಫಾರ್ಮರಿನ ಒಳಗೆ ತೂರಿಸುತ್ತೇವೆ. ತೂರಿಸಬೇಕಾದ್ದು ಫೇಸ್ ವೈರನ್ನು ಮಾತ್ರ. ಇಡೀ ಕೇಬಲ್ಲನ್ನೇ ತೂರಿಸಿದರೆ ಫೇಸಿನಲ್ಲಿ ಹೋದದ್ದು ನ್ಯೂಟ್ರಲ್ಲಿನಲ್ಲಿ ಮರಳಿ ಬಂದು ಒಂದನ್ನೊಂದು ಅಳಿಸಿಹಾಕುತ್ತವೆ, ಬಳೆಗೆ ಏನೂ ಕಾಣುವುದಿಲ್ಲ. ನಾನು ಒಂದು ಭಾನುವಾರವನ್ನು ಹೀಗೇ ಕಳೆದುಕೊಂಡೆ. ಬಳೆಯೇ ಕೆಟ್ಟಿದೆಯೆಂದು ಅಂಗಡಿಯವರಿಗೆ ಬೈದದ್ದೂ ಆಯಿತು.

ಬಳೆಯ ಸೂಚನೆ ಒಂದು ಪುಟ್ಟ ರಿಲೇಯನ್ನು, ಅಂದರೆ ಕೈಯ ಬದಲು ಕರೆಂಟಿನಿಂದ ಒತ್ತಿಕೊಳ್ಳುವ ಸ್ವಿಚ್ಚನ್ನು, ಒತ್ತುತ್ತದೆ. ಅದರ ಮೇಲೆ 10 ಆಂಪಿಯರ್ ಎಂದು ಬರೆದಿರುತ್ತದೆ, ನಮ್ಮ ಮೋಟರಿಗೂ 10 ಆಂಪಿಯರ್ ಸಾಕು, ಸರಿಹೋಯಿತಲ್ಲ ಎನಿಸುತ್ತದೆ. ಸರಿಹೋಗುವುದಿಲ್ಲ. ಆ ಬರಹ ಹೀಟರಿನಂಥ ಸೌಮ್ಯ ಹೊರೆಗೆ ಅನ್ವಯಿಸುವಂಥದ್ದು. ಮೋಟರಿನ ಮೊದಲ ಎಳೆತಕ್ಕೆ ಅದರ ತುದಿಗಳು ಬೆಸೆದುಕೊಂಡುಬಿಡುತ್ತವೆ, ಆಮೇಲೆ ಬ್ಲೋವರ್ ನಿಲ್ಲುವುದೇ ಇಲ್ಲ. ಆದ್ದರಿಂದ ಪುಟ್ಟ ರಿಲೇ ಬರಿಯ ಅಪ್ಪಣೆ ಕೊಡಲಿ. ಹೊರೆಯನ್ನು ಹೊರುವುದಕ್ಕೆ ಅದರ ದೊಡ್ಡಣ್ಣನಂಥ ಒಂದು ಕಾಂಟ್ಯಾಕ್ಟರ್ ಇರಲಿ, ಅದರ ಮೇಲೆ ಮೋಟರುಗಳಿಗೆಂದಿರುವ ಎಸಿ-3 ದರ್ಜೆಯಲ್ಲಿ 18 ಆಂಪಿಯರ್ ಎಂದು ಬರೆದಿರಲಿ. ಕಾಂಟ್ಯಾಕ್ಟರಿನ ಕೆಳಗೆ, ಮೋಟರು ಮಿತಿಗಿಂತ ಹೆಚ್ಚು ಎಳೆಯುತ್ತಿದ್ದರೆ ಬೀಳುವ ಓವರ್‌ಲೋಡ್ ರಿಲೇ ಕೂರಬೇಕು, ಅದರ ಮುಳ್ಳನ್ನು ಮೋಟರಿನ ಪಟ್ಟಿಯಲ್ಲಿರುವ ಆಂಪಿಯರಿಗೆ ತಿರುಗಿಸಿಡಬೇಕು. ಈ ರಿಲೇಗಳು ಮೂರು ಫೇಸಿಗೆಂದು ಮಾಡಿದಂಥವು. ಸಿಂಗಲ್ ಫೇಸಿನಲ್ಲಿ ಒಂದು ದಾರಿ ಖಾಲಿ ಬಿಟ್ಟರೆ, ಫೇಸ್ ಹೋಯಿತೆಂದು ತಿಳಿದು ಕೆಲವು ಸುಮ್ಮಸುಮ್ಮನೆ ಬೀಳುತ್ತವೆ. ಫೇಸನ್ನು ಎರಡು ದಾರಿಗಳಲ್ಲಿ ಒಂದರ ನಂತರ ಒಂದು ಹಾಯಿಸಿ, ನ್ಯೂಟ್ರಲ್ಲನ್ನು ಮೂರನೆಯದರಲ್ಲಿ ಹಾಯಿಸಿದರೆ ಆ ಕಾಟವಿಲ್ಲ. ಓವರ್‌ಲೋಡ್ ರಿಲೇಯ 95 ಮತ್ತು 96 ಎಂಬ ತುದಿಗಳು ಕಾಂಟ್ಯಾಕ್ಟರನ್ನು ಎಳೆದು ಹಿಡಿಯುವ ಕಾಯಿಲಿನ ದಾರಿಯಲ್ಲಿ ಬರಲೇಬೇಕು; ಅವನ್ನು ಮರೆತರೆ ರಿಲೇ ಬಿದ್ದರೂ ಮೋಟರು ಓಡುತ್ತಲೇ ಇರುತ್ತದೆ.

ಈ ಅಪ್ಪಣೆಯನ್ನು ತಡಮಾಡಿಸಲು ಒಂದು ಟೈಮರ್ ಬೇಕು, ಅದು ಎರಡು ಬಗೆಯ ತಡ ಕೊಡಬೇಕು. ಗರಗಸ ಶುರುವಾಗಿ ಎರಡು ಸೆಕೆಂಡಿನ ಮೇಲೆ ಬ್ಲೋವರ್ ಏಳಬೇಕು, ಇಲ್ಲವಾದರೆ ಎರಡು ಮೋಟರುಗಳ ಮೊದಲ ಎಳೆತ ಒಟ್ಟಿಗೆ ಬಿದ್ದು ಮನೆಯೊಳಗಿನ ದೀಪಗಳು ಮಂಕಾಗುತ್ತವೆ, ಮನೆಯವರ ಮುಖವೂ ಸಹ. ಪೈಪು ಖಾಲಿಯಾಗಲು ಗರಗಸ ನಿಂತ ಮೇಲೆ ಎಂಟು ಹತ್ತು ಸೆಕೆಂಡು ಸಾಕು, ಆದರೆ ನಾನು ಅದನ್ನು 20ಕ್ಕೆ ಇಟ್ಟಿದ್ದೇನೆ. ಸಣ್ಣ ಸಣ್ಣ ತುಂಡು ಕೊಯ್ಯುವಾಗ ಮೋಟರು ಪದೇ ಪದೇ ನಿಂತು ಏಳುವುದಕ್ಕಿಂತ ಓಡುತ್ತಿರುವುದೇ ಅದನ್ನು ಎಬ್ಬಿಸುವ ಸುರುಳಿಯಾದ ಸ್ಟಾರ್ಟಿಂಗ್ ವೈಂಡಿಂಗಿಗೆ ಒಳ್ಳೆಯದು.

ಜೋಡಿಸಿದ ಮೇಲೆ ಮೋಟರು ತಿರುಗುವ ದಿಕ್ಕನ್ನು ಮೈಮೇಲಿನ ಬಾಣದ ಗುರುತಿನೊಂದಿಗೆ ಹೋಲಿಸಿ ನೋಡಿ. ಇಂಥ ಬ್ಲೋವರ್ ಹಿಮ್ಮುಖವಾಗಿ ತಿರುಗಿದರೂ ಹೀರುತ್ತದೆ, ಆದರೆ ಸೋತ ಉಸಿರಿನಲ್ಲಿ. ಪೈಪಿನಲ್ಲಿ ದೋಷ ಹುಡುಕುತ್ತ ಕೂರುವವರು ಎಷ್ಟೋ ಜನ. ಸ್ಟಾರ್ಟಿಂಗ್ ವೈಂಡಿಂಗಿನ ಎರಡು ತುದಿಗಳನ್ನು ಅದಲುಬದಲು ಮಾಡಿದರೆ ದಿಕ್ಕು ಬದಲಾಗುತ್ತದೆ. ಮುಟ್ಟುವ ಮುನ್ನ ಮೇನ್ ತೆಗೆದಿರಬೇಕು, ಕೆಪಾಸಿಟರಿನಲ್ಲಿ ಉಳಿದ ಚಾರ್ಜ್ ಇಳಿಸಿರಬೇಕು. ಮೋಟರಿನ ಮೈಗೆ ಅರ್ಥಿಂಗ್, ಶೆಡ್ಡಿನ ಬೋರ್ಡಿಗೆ ಕರೆಂಟು ನೆಲಕ್ಕೆ ಸೋರಿದರೆ ಕಡಿದುಹಾಕುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಬೇಕೆಂಬುದರಲ್ಲಿ ಎರಡು ಮಾತಿಲ್ಲ. ಮುಗಿದ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಗೆ ತೋರಿಸಿಬಿಡಿ.

ನನ್ನ ಮೊದಲ ಏರ್ಪಾಟಿನಲ್ಲಿ ಬಳೆ ಇರಲಿಲ್ಲ. ಪ್ರತಿ ಯಂತ್ರದ ಪೈಪಿಗೂ ಜಾರುವ ಒಂದೊಂದು ಹಲಗೆಯ ಗೇಟು, ಗೇಟಿನ ಹಿಂದೆ ಒಂದು ಮೈಕ್ರೋ ಸ್ವಿಚ್. ಯಾವ ಗೇಟು ತೆರೆದರೂ ಬ್ಲೋವರ್ ಏಳುತ್ತಿತ್ತು. ಒಂದು ಮಧ್ಯಾಹ್ನ ಕೆಲಸದ ನಡುವೆ ಕರೆಂಟು ಹೋಯಿತು. ಹೇಗೂ ಬಿಡುವು ಸಿಕ್ಕಿತೆಂದು ಧೂಳಿನ ಚೀಲದ ಪಟ್ಟಿ ಸಡಿಲಿಸಿ, ಮೊಣಕೈವರೆಗೆ ಒಳಗೆ ಹಾಕಿ ಹೊಟ್ಟು ತೋಡುತ್ತಿದ್ದೆ. ಕರೆಂಟು ಬಂತು. ಗೇಟು ತೆರೆದೇ ಇತ್ತು. ಬ್ಲೋವರ್ ಎದ್ದು ಅರ್ಧ ಚೀಲ ಧೂಳನ್ನು ನನ್ನ ಮುಖಕ್ಕೆ ಉಗುಳಿತು. ಕೈ ಇದ್ದದ್ದು ಚೀಲದಲ್ಲಿ, ರೆಕ್ಕೆಯ ಬಳಿ ಅಲ್ಲ ಎಂಬುದಷ್ಟೇ ಪುಣ್ಯ.

ನಮ್ಮ ಹಳ್ಳಿಗಳ ಬೋರ್‌ವೆಲ್ಲುಗಳಿಗೆ ಆಟೋ ಸ್ಟಾರ್ಟರ್ ಹಾಕುವುದು ನಡುರಾತ್ರಿ ಕರೆಂಟು ಬಂದಾಗ ಪಂಪು ತಾನಾಗಿ ಏಳಲಿ ಎಂದು. ಶೆಡ್ಡಿಗೆ ಬೇಕಾದ್ದು ಅದರ ತದ್ವಿರುದ್ಧ. ಇದಕ್ಕೆ ಕಂಟ್ರೋಲ್ ದಾರಿಯ ಮೊದಲಲ್ಲೇ ಇನ್ನೊಂದು ಸಣ್ಣ ರಿಲೇ ಇಟ್ಟಿದ್ದೇನೆ. ಹಸಿರು ಗುಂಡಿ ಒತ್ತಿದರೆ ಅದು ತನ್ನದೇ ತುದಿಯಿಂದ ತನ್ನನ್ನು ಹಿಡಿದುಕೊಳ್ಳುತ್ತದೆ. ಕೆಂಪು ಗುಂಡಿ ಒತ್ತಿದರೂ ಕರೆಂಟು ಹೋದರೂ ಬಿಟ್ಟುಕೊಳ್ಳುತ್ತದೆ, ಮತ್ತೆ ಹಸಿರು ಗುಂಡಿ ಒತ್ತುವವರೆಗೆ ಬಳೆಯಾಗಲಿ ಗೇಟಾಗಲಿ ಬ್ಲೋವರನ್ನು ಎಬ್ಬಿಸಲಾರವು. ಗರಗಸಕ್ಕೂ ಇಂಥದೇ ಸ್ವಿಚ್ ಇರಬೇಕು, ಏಕೆಂದರೆ ತಾನಾಗಿ ಎದ್ದ ಗರಗಸ ಬ್ಲೋವರಿಗಿಂತ ಎಷ್ಟೋ ಪಾಲು ಕೆಟ್ಟದ್ದು.

ವೈರಿಂಗ್ ಮುಗಿದ ದಿನ ಹೀಗೆ ಪರೀಕ್ಷಿಸಿ. ಗರಗಸದ ಮೇಲೆ ಮರವಿಲ್ಲದೆ ಎರಡೂ ಯಂತ್ರಗಳನ್ನು ಓಡಿಸಿ, ಎಲ್ಲ ಗೇಟುಗಳನ್ನೂ ತೆರೆದಿಟ್ಟು, ಹೊರಗೆ ಬಂದು ಮೇನ್ ಇಳಿಸಿರಿ. ಒಂದು ನಿಮಿಷ ಬಿಟ್ಟು ಮೇನ್ ಏರಿಸಿ, ಬಾಗಿಲಲ್ಲೇ ನಿಂತು ಕಿವಿಗೊಡಿ. ಒಳಗೆ ಟ್ಯೂಬ್‌ಲೈಟ್ ಹತ್ತಿಕೊಳ್ಳುವ ಸದ್ದು ಬಿಟ್ಟರೆ ಬೇರೇನೂ ಕೇಳಬಾರದು.

ನಮಸ್ಕಾರ.