ಗೋಣಿಚೀಲದೊಳಗಿನ ಹುಡುಗ

ಕೇಳುಗರಿಗೆ ನಮಸ್ಕಾರ.

ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ‘ಗುಲಾಮ’ ಎಂಬ ಮಾತು ಮೊದಲು ಪರಿಚಯವಾಗುವುದು ಇಸ್ಪೀಟಿನ ಎಲೆಯಲ್ಲಿ. ರಾಜ, ರಾಣಿ, ಅವರ ಕೆಳಗೆ ಬಣ್ಣದ ಅಂಗಿ ತೊಟ್ಟ ಗುಲಾಮ. ಆಮೇಲೆ ಅದೇ ಮಾತು ಚರಿತ್ರೆಯ ಪಾಠದಲ್ಲಿ ಬರುತ್ತದೆ: ಅಮೆರಿಕದಲ್ಲಿ ಗುಲಾಮಗಿರಿ ಇತ್ತು, ಲಿಂಕನ್ ಕಾಲದಲ್ಲಿ ಹೋಯಿತು. ಬಿಡಿಸಿದವರ ಹೆಸರು ಮಗುವಿಗೆ ಬಾಯಿಪಾಠವಾಗುತ್ತದೆ. ಅನುಭವಿಸಿದವರಲ್ಲಿ ಒಬ್ಬರ ಹೆಸರೂ ತಿಳಿಯುವುದಿಲ್ಲ. ಮೇಷ್ಟರಾಗಿ ನನಗೆ ಇದು ಸಹಿಸಲಾಗದ ಅನ್ಯಾಯವೆನಿಸುತ್ತದೆ.

ಅದಕ್ಕಾಗಿಯೇ ನಾನು ಆ ಪಾಠಕ್ಕೆ ಬಂದಾಗ, ಅಮೆರಿಕದಲ್ಲಿ ಗುಲಾಮನಾಗಿ ಹುಟ್ಟಿದ ಫ್ರೆಡರಿಕ್ ಡಗ್ಲಾಸ್ 1845ರಲ್ಲಿ ಪ್ರಕಟಿಸಿದ ಆತ್ಮಕಥೆಯ ಕೆಲವು ಪುಟಗಳನ್ನು ಕನ್ನಡದಲ್ಲಿ ಹೇಳುತ್ತೇನೆ. ಮೇರಿಲ್ಯಾಂಡಿನ ಒಂದು ತೋಟದಲ್ಲಿ ಹುಟ್ಟಿದ ಹುಡುಗ. ಮೊಣಕಾಲು ಮುಟ್ಟುವ ಒಂದು ಒರಟು ನಾರುಬಟ್ಟೆಯ ಅಂಗಿ ಬಿಟ್ಟರೆ ಮೈಮೇಲೆ ಏನೂ ಇಲ್ಲ. ಹಾಸಿಗೆ, ಹೊದಿಕೆ ಇಲ್ಲ. ಚಳಿ ತಡೆಯಲಾಗದ ರಾತ್ರಿಗಳಲ್ಲಿ, ಮೆಕ್ಕೆಜೋಳವನ್ನು ಗಿರಣಿಗೆ ಒಯ್ಯುವ ಚೀಲವನ್ನು ಕದ್ದು ತಂದು ಅದರೊಳಗೆ ನುಸುಳುತ್ತಾನೆ. ತಲೆ ಒಳಗೆ, ಕಾಲು ಹೊರಗೆ, ಕೆಳಗೆ ತಣ್ಣನೆಯ ಮಣ್ಣಿನ ನೆಲ. ಹಿಮಕ್ಕೆ ಪಾದಗಳು ಒಡೆಯುತ್ತವೆ. ಎಷ್ಟೋ ವರ್ಷಗಳ ನಂತರ ಅದನ್ನು ಬರೆಯುತ್ತಾ ಅವರು ಹೇಳುತ್ತಾರೆ: ಈಗ ನನ್ನ ಕೈಯಲ್ಲಿರುವ ಲೇಖನಿಯನ್ನು ಆ ಬಿರುಕುಗಳಲ್ಲಿ ಇಡಬಹುದಿತ್ತು.

ಇಲ್ಲಿ ನಾನು ನಿಲ್ಲಿಸುತ್ತೇನೆ. ಒಡೆದ ಹಿಮ್ಮಡಿ ನಮ್ಮೂರಿನ ಮಕ್ಕಳಿಗೆ ಹೊಸದಲ್ಲ. ಆದರೂ ಅವರು ತಮ್ಮ ಪೆನ್ನನ್ನು ನೋಡುತ್ತಾರೆ, ಕಾಲನ್ನು ನೋಡಿಕೊಳ್ಳುತ್ತಾರೆ. ಲಕ್ಷಗಟ್ಟಲೆ ಜನ ಎಂಬ ಅಂಕಿ ಹೇಳಿದಾಗ ಹೀಗೆ ಆಗುವುದಿಲ್ಲ.

ಆ ಲೇಖನಿ ಅವರ ಕೈಗೆ ಬಂದ ಬಗೆಯನ್ನೂ ಹೇಳಬೇಕು. ಮುಂದೆ ಆ ಹುಡುಗನನ್ನು ಬಾಲ್ಟಿಮೋರ್ ನಗರದ ಒಂದು ಮನೆಗೆ ಕಳಿಸಿದರು. ಅಲ್ಲಿ ಒಡತಿ ಅಕ್ಷರ ಕಲಿಸತೊಡಗಿದಳು. ಓದು ಬಂದರೆ ಇವನು ಗುಲಾಮನಾಗಿ ಉಳಿಯಲಾರ ಎಂದು ಅವಳ ಗಂಡ ತಡೆದ. ಬಿಡುಗಡೆಯ ದಾರಿ ಯಾವುದೆಂದು ಹುಡುಗನಿಗೆ ಹೊಳೆದದ್ದೇ ಆ ಮಾತಿನಿಂದ! ಆ ಮನೆಯಲ್ಲಿ ರೊಟ್ಟಿಗೆ ಕೊರತೆ ಇರಲಿಲ್ಲ. ಬೀದಿಯ ಬಡ ಬಿಳಿಯ ಹುಡುಗರಿಗೆ ಹಸಿವು. ರೊಟ್ಟಿ ಕೊಟ್ಟು ಅಕ್ಷರ ಪಡೆದ. ಹಡಗುಕಟ್ಟೆಯಲ್ಲಿ ಬಡಗಿಗಳು ಮರದ ತುಂಡುಗಳ ಮೇಲೆ ಗುರುತಿಗೆಂದು ಬರೆಯುತ್ತಿದ್ದ ನಾಲ್ಕು ಅಕ್ಷರಗಳನ್ನು ನೋಡಿ ನೋಡಿ ತಿದ್ದಿದ. ಬೇಲಿಯ ಹಲಗೆ, ಇಟ್ಟಿಗೆಯ ಗೋಡೆ, ಕಾಲುದಾರಿ ಅವನ ಕಾಪಿಪುಸ್ತಕ. ಸೀಮೆಸುಣ್ಣದ ಉಂಡೆಯೇ ಶಾಯಿ.

ಎಲ್ಲ ಪುಟಗಳನ್ನೂ ನಾನು ಓದುವುದಿಲ್ಲ. ಚಿಕ್ಕಮ್ಮನನ್ನು ಕಟ್ಟಿ ಹೊಡೆಯುವ ಪುಟ ಹನ್ನೆರಡರ ವಯಸ್ಸಿಗಲ್ಲ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹರಾಜಿನ ನಾಟಕ ಆಡಿಸುವುದಂತೂ ಕೂಡದು. ಹರಾಜು ಏನೆಂದು ತಿಳಿಯಲು ಮೇರಿ ಪ್ರಿನ್ಸ್ ಸಾಕು. ಬರ್ಮುಡಾದ ಈ ಹೆಣ್ಣುಮಗಳು ಹೇಳಿ ಬರೆಸಿದ ಕಥನ 1831ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮಾರಾಟದ ದಿನ ಮೂವರು ಹೆಣ್ಣುಮಕ್ಕಳಿಗೂ ಹೊಸ ಬಟ್ಟೆ ತೊಡಿಸುತ್ತಾ ಅವಳ ತಾಯಿ, ನನ್ನ ಮಕ್ಕಳಿಗೆ ಹೆಣದ ಬಟ್ಟೆ ಉಡಿಸುತ್ತಿದ್ದೇನೆ ಎಂದು ಅತ್ತಳು. ಮೂವರೂ ಬೇರೆ ಬೇರೆ ಕಡೆಗೆ ಹೋದರು.

ಯಲ್ಲಾಪುರ, ಹಳಿಯಾಳದ ಕಡೆ ಇದು ದೂರದೇಶದ ಪಾಠವೂ ಅಲ್ಲ. ಅಲ್ಲಿನ ಸಿದ್ದಿಯರ ಪೂರ್ವಿಕರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ಗುಲಾಮರನ್ನಾಗಿ ತಂದಿದ್ದರು. ಆ ಮನೆಯ ಮಗು ತರಗತಿಯಲ್ಲಿದ್ದರೆ ಎಲ್ಲರ ಕಣ್ಣೂ ಅದರ ಮೇಲೆ ಬೀಳದಂತೆ ನೋಡಿಕೊಳ್ಳುವ ಹೊಣೆ ಮೇಷ್ಟರದು.

ಮತ್ತೆ ಡಗ್ಲಾಸ್ ವಿಷಯ. ಅವರನ್ನು ಎಳೆಗೂಸಾಗಿದ್ದಾಗಲೇ ತಾಯಿಯಿಂದ ಬೇರ್ಪಡಿಸಿದ್ದರು. ಸುಮಾರು 12 ಮೈಲಿ ದೂರದ ಹೊಲದಲ್ಲಿ ಅವಳಿಗೆ ದುಡಿಮೆ. ಕೆಲಸ ಮುಗಿಸಿ, ಕತ್ತಲಲ್ಲಿ ನಡೆದು ಬಂದು, ಮಗನ ಪಕ್ಕದಲ್ಲಿ ಮಲಗಿ ನಿದ್ದೆ ಬರಿಸುತ್ತಿದ್ದಳು. ಬೆಳಗಾಗುವ ಮೊದಲೇ ಹೊರಟುಬಿಡುತ್ತಿದ್ದಳು. ಹಾಗೆ ಬಂದದ್ದು ನಾಲ್ಕೋ ಐದೋ ಸಲ.

“ಸರ್, ಹಾಗಾದರೆ ಅವರಿಗೆ ಅಮ್ಮನ ಮುಖ ಸರಿಯಾಗಿ ಕಂಡಿತ್ತೇ?” ಎಂದು ಒಬ್ಬ ಹುಡುಗಿ ಕೇಳಿದಳು.

ಪುಟ ತಿರುವಿ ಓದಿದೆ. ಹಗಲ ಬೆಳಕಿನಲ್ಲಿ ತಾಯಿಯನ್ನು ಕಂಡ ನೆನಪೇ ತನಗಿಲ್ಲವೆಂದು ಅವರು ಬರೆದಿದ್ದಾರೆ.

ನಮಸ್ಕಾರ.